ಸಸ್ಯಜನ್ಯ ಮೀನಾಹಾರ ಮತ್ತು ಸ್ನಾಯು ಬೆಳವಣಿಗೆಯ ಜೀನ್‌ಗಳು

ಸಾಲ್ಮನ್, ಟ್ರೌಟ್‌ಗಳಂಥ ಮಾಂಸಾಹಾರಿ ಸಾಕುಮೀನುಗಳಿಗೆ ಸೋಯಾ, ಗೋಧಿ, ಬಟಾಣಿಗಳ ಪ್ರೋಟೀನ್ ಕೊಟ್ಟಾಗ ಸ್ನಾಯು ಬೆಳೆಸುವ ಜೀನ್‌ಗಳು ಹೇಗೆ ವರ್ತಿಸುತ್ತವೆ ಎಂಬ ಅಧ್ಯಯನದ ಬೇರು, ಮೇವಿಗೆ ಬಳಸುವ ಮೀನಿನ ಪುಡಿಯಾದ ಫಿಶ್‌ಮೀಲ್‌ನ ಮಾರುಕಟ್ಟೆಯಲ್ಲಿದೆ. 1972–73ರ ಎಲ್ ನಿನೋ ವೇಳೆಗೆ ಪೆರುವಿನ ಆಂಚೊವೆಟಾ ಮೀನುಗಾರಿಕೆ ನೆಲಕಚ್ಚಿ, ಫಿಶ್‌ಮೀಲ್ ಬೆಲೆ ಗಗನಕ್ಕೇರಿತು. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ತಿಂದು ಬೆಳೆಯುವ ನಮ್ಮ ಕೆರೆಗಳ ಕಾಟ್ಲ, ರೋಹುಗಳಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ನಾರ್ವೆಯ ಸಾಲ್ಮನ್ ಸಾಕಣೆಗೆ ಮಾತ್ರ ಬದಲಿ ಹುಡುಕದೆ ಗತ್ಯಂತರವಿರಲಿಲ್ಲ. ಅಲ್ಲಿನ ಸಾಲ್ಮನ್ ಆಹಾರದಲ್ಲಿ 1990ರಲ್ಲಿ ಸುಮಾರು 90% ಇದ್ದ ಕಡಲ ಮೂಲದ ಪಾಲು 2013ರ ಹೊತ್ತಿಗೆ 30%ರ ಆಸುಪಾಸಿಗೆ ಇಳಿಯಿತು.

ಮೊದಲ ಪ್ರಯೋಗಗಳಲ್ಲಿ ಮೀನನ್ನು ತೂಗಿ ನೋಡುವುದೇ ಮುಖ್ಯವಾಗಿತ್ತು. ಫಿಶ್‌ಮೀಲ್ ಬದಲು ಸಂಸ್ಕರಿಸಿದ ಸೋಯಾ ಪ್ರೋಟೀನ್ ಕೊಟ್ಟೂ ಟ್ರೌಟ್ ಬೆಳೆಸಬಹುದೆಂದು ಫ್ರಾನ್ಸಿನಲ್ಲಿ ಸದಾಶಿವಂ ಕೌಶಿಕ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದರು. ಆದರೆ ಸಾಮಾನ್ಯ ಸೋಯಾ ಹಿಂಡಿ ಸಾಲ್ಮನ್ ಕರುಳಿನ ಕೊನೆಯ ಭಾಗದಲ್ಲಿ ಉರಿಯೂತ ತರುತ್ತಿತ್ತು.

ಜೀನ್‌ಗಳತ್ತ ಕಣ್ಣು ಹೊರಳಿದ್ದು ಸಸ್ತನಿಗಳ ಅಧ್ಯಯನದಿಂದ. ಸ್ನಾಯುಕೋಶವನ್ನು ರೂಪಿಸುವ ಮಯೋಡಿ 1987ರಲ್ಲೂ, ಸ್ನಾಯು ಬೆಳವಣಿಗೆಗೆ ಕಡಿವಾಣ ಹಾಕುವ ಮಯೋಸ್ಟಾಟಿನ್ 1997ರಲ್ಲೂ ಬೆಳಕಿಗೆ ಬಂದವು. ಸಸ್ತನಿಗಳಲ್ಲಿ ಸ್ನಾಯು ತಂತುಗಳ ಸಂಖ್ಯೆ ಹುಟ್ಟಿನ ಆಸುಪಾಸಿನಲ್ಲೇ ಹೆಚ್ಚುಕಡಿಮೆ ನಿಗದಿಯಾದರೆ, ಸಾಲ್ಮನ್‌ನಂಥ ದೊಡ್ಡ ಮೀನುಗಳಲ್ಲಿ ಮೊಟ್ಟೆಯೊಡೆದ ಮೇಲೂ ಎಷ್ಟೋ ಕಾಲದವರೆಗೆ ಹೊಸ ತಂತುಗಳು ಸೇರುತ್ತಲೇ ಇರುತ್ತವೆ. ಹಾಗಾಗಿ ಆಹಾರದ ಪ್ರಭಾವಕ್ಕೂ ಇಲ್ಲಿ ಹೆಚ್ಚು ಅವಕಾಶ. ಇನ್ನೊಂದು ತೊಡಕೂ ಇದೆ: ಈ ಮೀನುಗಳ ಪೂರ್ವಜರಲ್ಲಿ ಇಡೀ ಜೀನೋಮ್ ಇಮ್ಮಡಿಯಾದ್ದರಿಂದ ಮಯೋಸ್ಟಾಟಿನ್‌ಗೆ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ. ಯಾವ ಪ್ರತಿಯನ್ನು ಅಳೆದರೆಂದು ಹೇಳದ ವರದಿಯಿಂದ ಹೆಚ್ಚೇನೂ ತಿಳಿಯದು.

ಸೋಯಾದಲ್ಲಿ ಮೆಥಿಯೋನಿನ್ ಕಡಿಮೆ, ಗೋಧಿಯಲ್ಲಿ ಲೈಸಿನ್ ಕಡಿಮೆ. ಇಂಥ ಅಮೈನೋ ಆಮ್ಲಗಳು ಸಾಲದಾದಾಗ ಪ್ರೋಟೀನ್ ಕಟ್ಟಲು ಕೋಶಕ್ಕೆ ಸೂಚನೆ ಕೊಡುವ ಟಾರ್ ಸಂಕೇತ ಕುಗ್ಗಬಹುದು. ಬೆಳವಣಿಗೆಯ ಅಂಶವಾದ ಐಜಿಎಫ್-1 ಕೂಡ ತಗ್ಗಬಹುದು. ಕೊರತೆ ತುಂಬಿಕೊಟ್ಟರೆ ಬಹುಪಾಲು ಸರಿಹೋಗುತ್ತದೆ. ದೋಷ ಸಸ್ಯದ್ದೆನ್ನುವುದಕ್ಕಿಂತ ಅಸಮತೋಲನದ್ದು, ಮೀನು ಕಡಿಮೆ ತಿನ್ನುವುದರದ್ದು ಎನ್ನುವುದೇ ಸರಿ. ಮಯೋಸ್ಟಾಟಿನ್ ಫಲಿತಾಂಶಗಳಂತೂ ಜಾತಿ, ಗಾತ್ರ, ಮೇವು ತಿಂದ ಮೇಲೆ ಕಳೆದ ಹೊತ್ತಿಗೆ ತಕ್ಕಂತೆ ಬದಲಾಗುತ್ತವೆ; ಅದೊಂದನ್ನೇ ನಂಬಿ ಆಹಾರದ ಗುಣ ನಿರ್ಧರಿಸಲಾಗದು.

ತಳಿ ಸಂವರ್ಧನೆಯದು ಬೇರೆ ದಾರಿ. 2012ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ, ಪೂರ್ಣ ಸಸ್ಯಜನ್ಯ ಆಹಾರದಲ್ಲಿ ಚೆನ್ನಾಗಿ ಬೆಳೆದವನ್ನು ಒಂದೇ ತಲೆಮಾರು ಆಯ್ದು ಪಡೆದ ಟ್ರೌಟ್ ಮರಿಗಳು, ಅದೇ ಆಹಾರದಲ್ಲಿ ಉಳಿದವಕ್ಕಿಂತ ಹೆಚ್ಚು ಬದುಕುಳಿದು ಹೆಚ್ಚು ಬೆಳೆದವು.