ಅಪಾಯ ಯಾವುದೆಂದು ಹೇಳುವವರು ಯಾರು? ತುರ್ತು ಪರಿಸ್ಥಿತಿಯ ಉದಾಹರಣೆ

ಮ್ಹೈಸಾಳ: 'ದೇಶದ ಭದ್ರತೆಗೆ ಅಪಾಯವಿದೆ' ಎಂದು ಸರ್ಕಾರ ಸಾರಿದಾಗ ಜನ ಅದನ್ನು ಹೇಗೆ ನಂಬುತ್ತಾರೆ? ರಾಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವ ಹಲವರು ಈ ಪ್ರಶ್ನೆಯನ್ನು ಅಭ್ಯಾಸ ಮಾಡುತ್ತಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಓಲೆ ವೇವರ್, ಬ್ಯಾರಿ ಬುಜಾನ್ ಮತ್ತು ಸಂಗಡಿಗರು ರೂಪಿಸಿದ ಈ ವಿಚಾರ 1998ರಲ್ಲಿ ಪುಸ್ತಕವಾಗಿ ಬಂತು. ಇದಕ್ಕೆ 'ಭದ್ರತೀಕರಣ' ಎನ್ನಬಹುದು.

ವಿಚಾರ ಸರಳವಾಗಿದೆ. ಅಧಿಕಾರದಲ್ಲಿದ್ದವರು ಒಂದು ಸಂಗತಿಯನ್ನು ಅಳಿವು ಉಳಿವಿನ ಪ್ರಶ್ನೆ ಎನ್ನುತ್ತಾರೆ. ಕೇಳಿದವರು ಒಪ್ಪಿದರೆ ಎಂದಿನ ನಿಯಮಗಳು ಬದಿಗೆ ಸರಿಯುತ್ತವೆ. ಹಾಗೆಂದು ಎಲ್ಲ ಅಪಾಯವೂ ಸುಳ್ಳು ಎಂದಲ್ಲ.

1975ರಲ್ಲಿ ಆದದ್ದು

ಮರಾಠಿಯಲ್ಲಿ 'ಆಣೀಬಾಣಿ' ಎಂದು ಹಿರಿಯರು ನೆನೆಯುವ ತುರ್ತು ಪರಿಸ್ಥಿತಿ ಇದಕ್ಕೆ ಒಳ್ಳೆಯ ಉದಾಹರಣೆ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಚುನಾವಣೆಯನ್ನು ರದ್ದುಪಡಿಸಿತು. ಜೂನ್ 25ರ ರಾತ್ರಿ, 'ಆಂತರಿಕ ಕ್ಷೋಭೆ'ಯಿಂದ ಭದ್ರತೆಗೆ ಧಕ್ಕೆ ಎಂದು ಘೋಷಣೆ ಹೊರಟಿತು. ಮಂತ್ರಿಮಂಡಲಕ್ಕೆ ವಿಷಯ ಬಂದದ್ದು ಮರುದಿನ ಬೆಳಿಗ್ಗೆ. ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು. ಹೀಗಾಗಿ ಜನರಿಗೆ ಒಂದೇ ಕಡೆಯ ಮಾತು ಕೇಳುವಂತಾಯಿತು.

ಮ್ಹೈಸಾಳ ದಾಟಿ ಕಾಗವಾಡಕ್ಕೆ ಹೋದರೆ ರಾಜ್ಯ ಬದಲಾಗುತ್ತದೆ. ಆದರೆ 'ಮೀಸಾ' ಕಾಯ್ದೆ ಎರಡೂ ಕಡೆ ಒಂದೇ ಆಗಿತ್ತು. ದೇಶದಲ್ಲಿ ಸುಮಾರು 35 ಸಾವಿರ ಜನರನ್ನು ಅದರಡಿ ವಿಚಾರಣೆ ಇಲ್ಲದೆ ಬಂಧಿಸಲಾಯಿತು. ವಾಜಪೇಯಿ, ಆಡ್ವಾಣಿ, ಮಹಾರಾಷ್ಟ್ರದ ಮಧು ದಂಡವತೆ ಬೆಂಗಳೂರು ಜೈಲಿನಲ್ಲಿದ್ದರು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು.

ಇಂಥ ಬಂಧನವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಹೇಳಿತು. ಐವರ ಪೀಠದಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು ಸುಪ್ರೀಂ ಕೋರ್ಟೇ 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ, ತಪ್ಪೆಂದು ತಳ್ಳಿಹಾಕಿತು.

ಜನ ಒಪ್ಪಿದರೇ?

1977ರ ಮಾರ್ಚ್ ಚುನಾವಣೆಯಲ್ಲಿ ಇಂದಿರಾ ಸರ್ಕಾರ ಸೋತಿತು. ಆದರೆ ಗಡಿಯ ಎರಡೂ ಬದಿಯ ಉತ್ತರ ಒಂದೇ ಆಗಿರಲಿಲ್ಲ. ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ 26 ಗೆದ್ದಿತು. ಮಹಾರಾಷ್ಟ್ರದ 48ರಲ್ಲಿ ಸಿಕ್ಕಿದ್ದು 20. ಒಂದೇ ಘೋಷಣೆಯನ್ನು ಕಂಡ ಎರಡು ರಾಜ್ಯಗಳು ಬೇರೆ ಬೇರೆ ತೀರ್ಪು ಕೊಟ್ಟವು. ಸಂಶೋಧಕರು ಭಾಷಣ, ಆದೇಶಗಳ ಜೊತೆಗೆ ಕೇಳುಗರನ್ನೂ ಅಭ್ಯಾಸ ಮಾಡುವುದು ಇದಕ್ಕೇ. ಕಾನೂನು ಸುವ್ಯವಸ್ಥೆ ಕುಸಿದಿತ್ತು ಎನ್ನಲು ಆಧಾರವಿರಲಿಲ್ಲವೆಂದು ಶಾ ಆಯೋಗ 1978ರಲ್ಲಿ ವರದಿ ಕೊಟ್ಟಿತು.

ಬದಲಾದ ಶಬ್ದ

1978ರ 44ನೇ ತಿದ್ದುಪಡಿ ಸಂವಿಧಾನದ 352ನೇ ವಿಧಿಯಲ್ಲಿ 'ಆಂತರಿಕ ಕ್ಷೋಭೆ' ತೆಗೆದು 'ಸಶಸ್ತ್ರ ಬಂಡಾಯ' ಎಂದು ಸೇರಿಸಿತು. ಈಗ ಮಂತ್ರಿಮಂಡಲದ ನಿರ್ಣಯ ಲಿಖಿತವಾಗಿರಬೇಕು, ಒಂದು ತಿಂಗಳಲ್ಲಿ ಸಂಸತ್ತು ವಿಶೇಷ ಬಹುಮತದಿಂದ ಒಪ್ಪಬೇಕು.

ಭದ್ರತೆಯ ಹೆಸರಲ್ಲಿ ಹೊಸ ಕಾಯ್ದೆ ಬಂದಾಗ ಓದುಗರು ಕೇಳಬೇಕಾದ್ದು ಇಷ್ಟು: ಅಪಾಯ ಇದೆ ಎಂದವರು ಯಾರು? ತೋರಿಸಿದ ಆಧಾರವೇನು? ಬೇಡ ಎನ್ನುವವರ ಮಾತೂ ನಮಗೆ ಕೇಳಿಸುತ್ತಿದೆಯೇ?