ಕಿರೀಟದ ಲೆಕ್ಕ: ಲಂಡನ್ನಿನ ಗೆರಾರ್ಡ್ ಆಭರಣಶಾಲೆಯ ಇತಿಹಾಸ

ಅರಸನ ಕಿರೀಟವನ್ನು ಕಂಡವರು ಅದನ್ನು ಧರಿಸಿದವನ ಹೆಸರನ್ನು ಹೇಳುತ್ತಾರೆ. ಅದನ್ನು ಮಾಡಿದವನ ಹೆಸರನ್ನು ಬಲ್ಲವರು ವಿರಳ. ಅದಕ್ಕೆ ಹಣ ತೆತ್ತವರು ಯಾರೆಂದು ಕೇಳುವವರು ಇನ್ನೂ ವಿರಳ. ಚರಿತ್ರಕಾರನಿಗಾದರೋ ಈ ಮೂರೂ ಪ್ರಶ್ನೆಗಳು ಸಮಾನವಾದುವು. ಇಂಗ್ಲೆಂಡಿನ ರಾಜಮನೆತನಕ್ಕೆ 1843ರಿಂದ 2007ರವರೆಗೆ, ಅಂದರೆ 164 ವರ್ಷಗಳ ಕಾಲ, ‘ಕಿರೀಟದ ಆಭರಣಕಾರ’ರಾಗಿದ್ದ ಗೆರಾರ್ಡ್ ಸಂಸ್ಥೆಯ ಇತಿಹಾಸವು ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವರಿಗೆ ಒಳ್ಳೆಯ ಸಾಮಗ್ರಿಯನ್ನು ಒದಗಿಸುತ್ತದೆ. ಆ ಉತ್ತರದ ಒಂದು ಭಾಗವು ಭಾರತದ ಬೊಕ್ಕಸದವರೆಗೂ ಬಂದು ಮುಟ್ಟುತ್ತದೆ.

ಸಂಸ್ಥೆಯ ಮೂಲಪುರುಷನು ಗೆರಾರ್ಡ್ ಎಂಬವನಲ್ಲ. 1698ರಲ್ಲಿ ಸಫಕ್ ಪ್ರಾಂತದ ಬರಿ ಸೇಂಟ್ ಎಡ್ಮಂಡ್ಸ್ ಊರಿನಲ್ಲಿ ಹುಟ್ಟಿದ ಜಾರ್ಜ್ ವಿಕ್ಸ್ ಎಂಬಾತನು ಬಾಲ್ಯದಲ್ಲಿಯೇ ಲಂಡನ್ನಿಗೆ ಬಂದು, 1712ರಲ್ಲಿ ಒಬ್ಬ ಬೆಳ್ಳಿಗೆಲಸದವನ ಬಳಿ ಶಿಷ್ಯವೃತ್ತಿಗೆ ಸೇರಿದನು. ಹತ್ತು ವರ್ಷಗಳ ತರುವಾಯ ತನ್ನದೇ ಮುದ್ರೆಯನ್ನು ಅಕ್ಕಸಾಲೆಗಳ ಸಂಘದಲ್ಲಿ ನೋಂದಾಯಿಸಿದನು. 1735ರಲ್ಲಿ ಹೇಮಾರ್ಕೆಟ್ಟಿನ ಸಮೀಪದ ಪ್ಯಾಂಟನ್ ಬೀದಿಯಲ್ಲಿ ಅಂಗಡಿಯನ್ನು ತೆರೆದನು. ಅದೇ ವರ್ಷ ಯುವರಾಜ ಫ್ರೆಡರಿಕನ ಅಕ್ಕಸಾಲೆಯೆಂಬ ಗೌರವವೂ ಅವನಿಗೆ ದೊರೆಯಿತು. ಶ್ರೀಮಂತರ ಮನೆಗಳು ಲಂಡನ್ನಿನ ಪಶ್ಚಿಮಭಾಗಕ್ಕೆ ಸರಿಯುತ್ತಿದ್ದ ಕಾಲವದು. ವಿಕ್ಸನು ಗಿರಾಕಿಗಳ ಬಾಗಿಲಿಗೆ ತಾನೇ ಹತ್ತಿರವಾದನೆನ್ನಬಹುದು.

ವಿಕ್ಸನ ಕೈಕೆಲಸಕ್ಕಿಂತಲೂ ಅವನು ಇರಿಸಿದ ಲೆಕ್ಕದ ಪುಸ್ತಕಗಳು ಚರಿತ್ರೆಗೆ ಹೆಚ್ಚಿನ ಉಪಕಾರವನ್ನು ಮಾಡಿವೆ. 1735ರಲ್ಲಿ ಮೊದಲಾಗಿ ಮುಂದಿನ ಶತಮಾನದ ಆರಂಭದವರೆಗೆ ಬೆಳೆದ ಈ ಖಾತೆಗಳು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಎಲೇನ್ ಬಾರ್ ಎಂಬ ವಿದುಷಿ ಇವುಗಳ ಆಧಾರದಿಂದಲೇ 1980ರಲ್ಲಿ ವಿಕ್ಸನ ಚರಿತ್ರೆಯನ್ನು ಬರೆದರು. ಅಂದಿನ ಲೆಕ್ಕದ ಕ್ರಮವು ನಮ್ಮ ಪೇಟೆಗಳಲ್ಲಿ ಒಡವೆ ಕೊಂಡವರಿಗೆ ಅಪರಿಚಿತವೇನಲ್ಲ. ಬೆಳ್ಳಿಯ ತೂಕವನ್ನು ಔನ್ಸುಗಳಲ್ಲಿ ಹಿಡಿದು ಅದರ ಬೆಲೆಯನ್ನು ಬೇರೆ, ಮಾಡಿದ ಕೂಲಿಯನ್ನು ಬೇರೆ, ವಂಶಲಾಂಛನವನ್ನು ಕೊರೆದ ಮಜೂರಿಯನ್ನು ಬೇರೆ ಬರೆಯುತ್ತಿದ್ದರು. ಗಿರಾಕಿಯು ಹಳೆಯ ಬೆಳ್ಳಿಯನ್ನು ತೂಕಕ್ಕೆ ಹಾಕಿದರೆ ಅದನ್ನು ಅವನ ಜಮೆಗೆ ಹಿಡಿಯುತ್ತಿದ್ದರು. ಹೀಗೆ ಅಜ್ಜನ ಕಾಲದ ಪಾತ್ರೆಯು ಮೂಸೆಯಲ್ಲಿ ಕರಗಿ ಮೊಮ್ಮಗನ ತಟ್ಟೆಯಾಗುತ್ತಿತ್ತು. ಲೋಹವು ಉಳಿಯುತ್ತಿತ್ತು, ಕೆಲಸವು ಅಳಿಯುತ್ತಿತ್ತು.

ಉಳಿದುಬಂದ ಕೆಲಸಗಳಲ್ಲಿ ಮುಖ್ಯವಾದುದು 1745ರಿಂದ 1747ರವರೆಗೆ ಐರ್ಲೆಂಡಿನ ಕಿಲ್ಡೇರ್ ಪ್ರಭುವಿಗಾಗಿ ಸಿದ್ಧವಾದ, 170ಕ್ಕೂ ಹೆಚ್ಚು ಪಾತ್ರೆಗಳ ಭೋಜನಸಾಮಗ್ರಿ. ಆ ಪ್ರಭುವು ಮುಂದೆ ಲೀನ್‌ಸ್ಟರ್ ಡ್ಯೂಕನಾದುದರಿಂದ ಇದಕ್ಕೆ ಲೀನ್‌ಸ್ಟರ್ ಭೋಜನಸಾಮಗ್ರಿಯೆಂದೇ ಹೆಸರಾಯಿತು.

ಕನ್ನಡದಲ್ಲಿ ಅಕ್ಕಸಾಲೆ ಎಂಬುದೂ ಚಿನಿವಾರ ಎಂಬುದೂ ಬೇರೆಬೇರೆ ಮಾತುಗಳು. ಮೊದಲನೆಯವನು ಲೋಹವನ್ನು ಬಡಿದು ರೂಪ ಕೊಡುವವನು. ಎರಡನೆಯವನು ಅದರ ವ್ಯಾಪಾರವನ್ನು ನಡೆಸುವವನು. ಪ್ಯಾಂಟನ್ ಬೀದಿಯ ಅಂಗಡಿಯು ಮೊದಲನೆಯದರಿಂದ ಎರಡನೆಯದಕ್ಕೆ ತಿರುಗಿದ ಬಗೆಯನ್ನು ಖಾತೆಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. 1747ರಲ್ಲಿ ಎಡ್ವರ್ಡ್ ವೇಕ್ಲಿನ್ ಎಂಬ ಕುಶಲಿಯು ವಿಕ್ಸನನ್ನು ಕೂಡಿಕೊಂಡನು. 1760ರಲ್ಲಿ ವಿಕ್ಸನು ನಿವೃತ್ತನಾಗಲು, ಜಾನ್ ಪಾರ್ಕರ್ ಮತ್ತು ವೇಕ್ಲಿನ್ ಇಬ್ಬರೂ ಪಾಲುಗಾರರಾದರು. ಇವರ ಕಾಲದಿಂದ ಗಿರಾಕಿಗಳ ಖಾತೆಯಂತೆಯೇ ಕೆಲಸಗಾರರ ಖಾತೆಯೊಂದು ಬೇರೆಯಾಗಿ ದೊರೆಯುತ್ತದೆ. ಅಂಗಡಿಯ ಹೆಸರಿನಲ್ಲಿ ಮಾರಾಟವಾದ ತಟ್ಟೆ, ಬಟ್ಟಲು, ದೀಪಸ್ತಂಭಗಳು ನಗರದ ಬೇರೆಬೇರೆ ಕುಲುಮೆಗಳಲ್ಲಿ ಸಿದ್ಧವಾಗುತ್ತಿದ್ದುವೆಂದೂ, ಸೆಬಾಸ್ಟಿಯನ್ ಮತ್ತು ಜೇಮ್ಸ್ ಕ್ರೆಸ್ಪೆಲ್ ಎಂಬ ಸೋದರರು ಅವುಗಳಲ್ಲಿ ದೊಡ್ಡ ಪಾಲನ್ನು ಪೂರೈಸುತ್ತಿದ್ದರೆಂದೂ ಅದರಿಂದಲೇ ತಿಳಿದುಬಂದಿತು. ಪ್ರಭುಗಳ ಭೋಜನಶಾಲೆಯಲ್ಲಿ ಕ್ರೆಸ್ಪೆಲ್ ಎಂಬ ಹೆಸರನ್ನು ಯಾರೂ ಉಚ್ಚರಿಸಿರಲಾರರು. ಲೆಕ್ಕದ ಪುಸ್ತಕವು ಮಾತ್ರ ಅದನ್ನು ಮರೆಯಲಿಲ್ಲ.

1776ರಲ್ಲಿ ಜಾನ್ ವೇಕ್ಲಿನ್ ಮತ್ತು ವಿಲಿಯಂ ಟೇಲರ್ ಎಂಬವರ ಕೈಗೆ ವ್ಯವಹಾರವು ಬಂದಿತು. 1792ರಲ್ಲಿ ಟೇಲರನು ತೀರಿಕೊಳ್ಳಲು, ರಾಬರ್ಟ್ ಗೆರಾರ್ಡ್ ಎಂಬಾತನು ಪಾಲುಗಾರನಾದನು. 1802ರಲ್ಲಿ ಒಡೆತನವು ಅವನೊಬ್ಬನದೇ ಆಯಿತು. 1818ರಲ್ಲಿ ಅವನು ಕಾಲವಾದ ಮೇಲೆ ರಾಬರ್ಟ್, ಜೇಮ್ಸ್, ಸೆಬಾಸ್ಟಿಯನ್ ಎಂಬ ಮೂವರು ಮಕ್ಕಳು ಕಸುಬನ್ನು ಮುಂದುವರಿಸಿದರು. ಆಗ ರಾಜಕಿರೀಟಗಳ ಕೆಲಸವೆಲ್ಲ ರಂಡೆಲ್, ಬ್ರಿಜ್ ಮತ್ತು ರಂಡೆಲ್ ಎಂಬ ಪ್ರತಿಸ್ಪರ್ಧಿ ಸಂಸ್ಥೆಯದಾಗಿದ್ದಿತು. ಆ ಸಂಸ್ಥೆಯು 1843ರಲ್ಲಿ ಬಾಗಿಲು ಹಾಕಲು, ವಿಕ್ಟೋರಿಯಾ ರಾಣಿಯು ಆ ಪದವಿಯನ್ನು ಗೆರಾರ್ಡರಿಗೆ ಕೊಟ್ಟಳು. ಕಿರೀಟಗಳನ್ನು ಶುಚಿಗೊಳಿಸುವುದು, ಸಡಿಲಾದ ಹರಳುಗಳನ್ನು ಬಿಗಿಮಾಡುವುದು, ಪಟ್ಟಾಭಿಷೇಕದ ಕಾಲಕ್ಕೆ ಹೊಸತನ್ನು ಸಿದ್ಧಪಡಿಸುವುದು ಈ ಪದವಿಯ ಕರ್ತವ್ಯಗಳು.

ಪದವಿ ಬಂದ ಹತ್ತು ವರ್ಷಗಳೊಳಗಾಗಿ ಭಾರತದ ವಜ್ರವೊಂದು ಪ್ಯಾಂಟನ್ ಬೀದಿಗೆ ಬಂದಿತು. ಕೊಹಿನೂರು ಗೋಲ್ಕೊಂಡದ ಸೀಮೆಯ ಗಣಿಯಲ್ಲಿ ದೊರೆತುದೆಂಬುದು ರೂಢಿಯಾದ ಅಭಿಪ್ರಾಯ. ಅದು ಇಂಗ್ಲೆಂಡಿಗೆ ಹೋದ ಬಗೆಯಲ್ಲಾದರೋ ಸಂದೇಹಕ್ಕೆ ಎಡೆಯಿಲ್ಲ. 1849ರ ಮಾರ್ಚಿಯಲ್ಲಿ ಪಂಜಾಬನ್ನು ವಶಪಡಿಸಿಕೊಂಡ ಕಂಪನಿ ಸರಕಾರವು, ಲಾಹೋರಿನ ಒಪ್ಪಂದದ ಮೂರನೆಯ ವಿಧಿಯಲ್ಲಿ ಈ ವಜ್ರವನ್ನು ಇಂಗ್ಲೆಂಡಿನ ರಾಣಿಗೆ ಒಪ್ಪಿಸತಕ್ಕದ್ದೆಂದು ಬರೆಯಿಸಿತು. ಆ ಒಪ್ಪಂದಕ್ಕೆ ಬದ್ಧನಾದ ಮಹಾರಾಜ ದುಲೀಪಸಿಂಹನಿಗೆ ಆಗ ಹತ್ತು ವರ್ಷ. 1850ರ ಜುಲೈ 3ರಂದು ವಜ್ರವು ರಾಣಿಯ ಕೈಸೇರಿತು.

ಮರುವರ್ಷ ಹೈಡ್ ಪಾರ್ಕಿನ ಮಹಾಪ್ರದರ್ಶನದಲ್ಲಿ ಅದನ್ನು ನೋಡಲು ನೆರೆದ ಜನಕ್ಕೆ ನಿರಾಶೆಯಾಯಿತು. ಭಾರತದ ಕುಶಲಿಗಳು ವಜ್ರದ ತೂಕವನ್ನು ಆದಷ್ಟೂ ಉಳಿಸಿಕೊಂಡು ಮುಖಗಳನ್ನು ಕಡೆಯುತ್ತಿದ್ದರು. ಯುರೋಪಿನ ಕಣ್ಣು ಹೊಳಪನ್ನು ಬಯಸುತ್ತಿತ್ತು. ರಾಣಿಯ ಪತಿ ಆಲ್ಬರ್ಟನ ಇಚ್ಛೆಯಂತೆ ವಜ್ರವನ್ನು ಮತ್ತೆ ಕಡೆಯುವುದೆಂದು ನಿಶ್ಚಯವಾಯಿತು. ಲಂಡನ್ನಿನಲ್ಲಿ ಅಂತಹ ನಿಪುಣರು ಇಲ್ಲದುದರಿಂದ ಆಮ್‌ಸ್ಟರ್‌ಡಾಮಿನ ಕೋಸ್ಟರ್ ಸಂಸ್ಥೆಯ ಇಬ್ಬರು ಕೆಲಸಗಾರರನ್ನು ಗೆರಾರ್ಡರು ಕರೆಯಿಸಿಕೊಂಡರು. ಕಡೆಯುವ ಚಕ್ರವನ್ನು ತಿರುಗಿಸಲು ಉಗಿಯಂತ್ರವೊಂದನ್ನು ನಿಲ್ಲಿಸಲಾಯಿತು. 1852ರ ಜುಲೈ 17ರಂದು ಮೊದಲಬಾರಿಗೆ ವಜ್ರವನ್ನು ಚಕ್ರಕ್ಕೆ ಹಿಡಿದವನು 83 ವರ್ಷದ ವೆಲಿಂಗ್ಟನ್ ಡ್ಯೂಕ್. ಕನ್ನಡಿಗರಿಗೆ ಈತನು ಅಪರಿಚಿತನಲ್ಲ. 1799ರಲ್ಲಿ ಟೀಪುವಿನ ಪತನಾನಂತರ ಶ್ರೀರಂಗಪಟ್ಟಣದ ಆಡಳಿತವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈ ಡ್ಯೂಕ್. ಯೌವನದಲ್ಲಿ ಕಾವೇರಿಯ ದಂಡೆಯ ಒಂದು ರಾಜಧಾನಿಯ ಅವಶೇಷವನ್ನು ಆಳಿದವನ ಕೈಯೇ ವಾರ್ಧಕ್ಯದಲ್ಲಿ ಇನ್ನೊಂದು ಅಳಿದ ರಾಜ್ಯದ ರತ್ನವನ್ನು ಸವೆಯಿಸಲು ಮೊದಲಾಯಿತು. ಅದೇ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡನು.

ಕೆಲಸವು 38 ದಿನಗಳ ಕಾಲ ನಡೆಯಿತು. ತಗುಲಿದ ವೆಚ್ಚ 8,000 ಪೌಂಡು. ಈಗಿನ ಮೆಟ್ರಿಕ್ ಅಳತೆಯಲ್ಲಿ ಸುಮಾರು 191 ಕ್ಯಾರೆಟ್ ತೂಗುತ್ತಿದ್ದ ವಜ್ರವು 105.6 ಕ್ಯಾರೆಟ್ಟಿಗೆ ಇಳಿಯಿತು. ಅಂದರೆ ಐದರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು ಭಾಗವು ಪುಡಿಯಾಗಿ ಹೋಯಿತು. ಇದು ಕುಶಲತೆಯ ದೋಷವೆಂದು ಹೇಳಲಾಗದು. ಆಮ್‌ಸ್ಟರ್‌ಡಾಮಿನವರು ತಮಗೆ ಹೇಳಿದ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಆದರೆ ಯಾವ ವಜ್ರವು ತನ್ನ ಗಾತ್ರದಿಂದ ಹೆಸರಾಗಿದ್ದಿತೋ ಆ ವಜ್ರವು ಅಂದಿನಿಂದ ಇಲ್ಲವಾಯಿತು. ಇಂದು ಅದನ್ನು ಹಿಂದಕ್ಕೆ ಕೇಳುವವರು ಕೇಳುತ್ತಿರುವುದು ಗೆರಾರ್ಡರ ಮನೆಯಿಂದ ಹೊರಬಿದ್ದ ಕೊಹಿನೂರನ್ನೇ ಹೊರತು ಲಾಹೋರಿನಿಂದ ಹೋದುದನ್ನಲ್ಲ.

ಭಾರತದೊಡನೆ ಈ ಸಂಸ್ಥೆಯ ಎರಡನೆಯ ದೊಡ್ಡ ಸಂಬಂಧವು 1911ರದು. ಐದನೆಯ ಜಾರ್ಜ್ ದೊರೆಯು ದಿಲ್ಲಿಯ ದರಬಾರಿಗೆ ತಾನೇ ಬರಲು ನಿಶ್ಚಯಿಸಿದನು. ಇಂಗ್ಲೆಂಡಿನ ರಾಜಕಿರೀಟವನ್ನು ಆ ದೇಶದಿಂದ ಹೊರಗೆ ಒಯ್ಯಕೂಡದೆಂಬ ನಿಯಮವಿದ್ದುದರಿಂದ ಹೊಸ ಕಿರೀಟವೊಂದು ಬೇಕಾಯಿತು. ಆರು ಸಾವಿರಕ್ಕೂ ಹೆಚ್ಚು ವಜ್ರಗಳನ್ನೂ, ಪಚ್ಚೆ, ನೀಲ, ಮಾಣಿಕ್ಯಗಳನ್ನೂ ಕೂರಿಸಿ ಗೆರಾರ್ಡರು ‘ಭಾರತದ ಸಾಮ್ರಾಜ್ಯ ಕಿರೀಟ’ವನ್ನು ಸಿದ್ಧಪಡಿಸಿದರು. ಅದರ ತೂಕವು ಒಂದು ಕಿಲೋಗ್ರಾಮಿಗೆ ಸ್ವಲ್ಪವೇ ಕಡಿಮೆ. ವೆಚ್ಚವು 60,000 ಪೌಂಡು. ಪೌಂಡಿಗೆ 15 ರೂಪಾಯಿಯಂತಿದ್ದ ಅಂದಿನ ದರದಲ್ಲಿ ಒಂಬತ್ತು ಲಕ್ಷ ರೂಪಾಯಿ. ಈ ಹಣವನ್ನು ತೆತ್ತುದು ಭಾರತದ ಬೊಕ್ಕಸ.

1911ರ ಡಿಸೆಂಬರ್ 12ರಂದು ದಿಲ್ಲಿಯ ಉತ್ತರದ ಬಯಲಿನಲ್ಲಿ, ಇಂದು ಕೊರೊನೇಷನ್ ಪಾರ್ಕ್ ಎಂದು ಕರೆಯುವ ಸ್ಥಳದಲ್ಲಿ, ದರಬಾರು ನಡೆಯಿತು. ದೊರೆಯು ಕಿರೀಟವನ್ನು ಧರಿಸಿಕೊಂಡೇ ಬಂದನು. ಅಲ್ಲಿ ಪಟ್ಟಾಭಿಷೇಕದ ವಿಧಿಯೇನೂ ನಡೆಯಲಿಲ್ಲ. ಹೈದರಾಬಾದು, ಬಡೋದೆ, ಮೈಸೂರುಗಳ ಅರಸರು ಮೊದಲಾಗಿ ಅನೇಕ ಸಂಸ್ಥಾನಿಕರು ಮುಂದೆ ಬಂದು ವಂದಿಸಿದರು. ಬಂಗಾಳದ ವಿಭಜನೆಯು ರದ್ದಾದುದೂ, ರಾಜಧಾನಿಯು ಕಲಕತ್ತೆಯಿಂದ ದಿಲ್ಲಿಗೆ ಬರುವುದೆಂದು ಸಾರಿದುದೂ ಅದೇ ದಿನ. ಕಿರೀಟದ ಭಾರದಿಂದ ತಲೆ ನೊಂದಿತೆಂದು ದೊರೆಯು ತನ್ನ ದಿನಚರಿಯಲ್ಲಿ ಬರೆದುಕೊಂಡನು. ಆ ಭಾರವನ್ನು ಅವನು ಹೊತ್ತುದು ಕೆಲವು ಗಂಟೆಗಳ ಕಾಲ. ಅನಂತರ ಕಿರೀಟವು ಲಂಡನ್ನಿಗೆ ಮರಳಿತು. ಯಾವ ದೊರೆಯೂ ಅದನ್ನು ಮತ್ತೆ ಧರಿಸಲಿಲ್ಲ. 1948ರ ಜೂನ್ 22ರಂದು ‘ಭಾರತದ ಚಕ್ರವರ್ತಿ’ ಎಂಬ ಬಿರುದನ್ನು ಘೋಷಣೆಯ ಮೂಲಕ ಕೈಬಿಡಲಾಯಿತು. ಬಿರುದು ಹೋದರೂ ಕಿರೀಟವು ಲಂಡನ್ ಟವರಿನಲ್ಲಿಯೇ ಉಳಿಯಿತು.

1911ರಲ್ಲಿ ಮೇರಿ ರಾಣಿಯ ಕಿರೀಟವನ್ನೂ, 1937ರಲ್ಲಿ ಆರನೆಯ ಜಾರ್ಜನ ರಾಜಕಿರೀಟ ಹಾಗೂ ಅವನ ರಾಣಿ ಎಲಿಜಬೆತಳ ಕಿರೀಟವನ್ನೂ ಮಾಡಿದವರು ಗೆರಾರ್ಡರೇ. ಮೇರಿಯ ಕಿರೀಟದಿಂದ ಕೊಹಿನೂರು ಎಲಿಜಬೆತಳ ಕಿರೀಟಕ್ಕೆ ಬಂದು ನೆಲೆಸಿತು. ಸಂಸ್ಥೆಯ ಭಾಗ್ಯವಾದರೋ ಅಷ್ಟು ಸ್ಥಿರವಾಗಿರಲಿಲ್ಲ. ಪ್ಯಾಂಟನ್ ಬೀದಿಯಿಂದ 1911ರಲ್ಲಿ ಆಲ್ಬಮಾರ್ಲ್ ಬೀದಿಗೆ ಬಂದ ಅಂಗಡಿಯು, 1952ರಲ್ಲಿ ಇನ್ನೊಂದು ಸಂಸ್ಥೆಯೊಡನೆ ಕೂಡಿಕೊಂಡು ರೀಜೆಂಟ್ ಬೀದಿಗೆ ಹೋಯಿತು. 1998ರಲ್ಲಿ ಆಸ್ಪ್ರೆ ಸಂಸ್ಥೆಯೊಡನೆ ಬೆರೆತು 2002ರಲ್ಲಿ ಬೇರ್ಪಟ್ಟಿತು. 2007ರಲ್ಲಿ ಕಿರೀಟದ ಆಭರಣಕಾರನೆಂಬ ಪದವಿಯೂ ಇನ್ನೊಬ್ಬರ ಪಾಲಾಯಿತು. ಇದರ ನಡುವೆ, 1999ರಲ್ಲಿ, ಕ್ರಿಕೆಟ್ಟಿನ ವಿಶ್ವಕಪ್ಪಿನ ಈಗಿನ ರೂಪವನ್ನು ನಿರ್ಮಿಸಿದವರೂ ಗೆರಾರ್ಡರ ಕೆಲಸಗಾರರೇ. 2011ರ ಏಪ್ರಿಲ್ 2ರಂದು ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಭಾರತದ ತಂಡವು ಎತ್ತಿಹಿಡಿದುದು ಆ ರೂಪದ ಕಪ್ಪನ್ನೇ. ಆ ಇರುಳು ಗೆರಾರ್ಡ್ ಎಂಬ ಹೆಸರನ್ನು ನೆನೆದವರು ಎಷ್ಟು ಮಂದಿ?

2023ರ ಮೇ 6ರ ಪಟ್ಟಾಭಿಷೇಕದಲ್ಲಿ ಕ್ಯಾಮಿಲಾ ರಾಣಿಯು ಗೆರಾರ್ಡರು 1911ರಲ್ಲಿ ಮಾಡಿದ ಮೇರಿಯ ಕಿರೀಟವನ್ನೇ, ಕೊಹಿನೂರಿಲ್ಲದೆ, ಧರಿಸಿದಳು. ವಜ್ರದ ಒಡೆತನದ ವಿವಾದವು ಕಿರೀಟದ ರೂಪವನ್ನೇ ನಿರ್ಧರಿಸುವಷ್ಟು ಬೆಳೆದಿರುವುದಕ್ಕೆ ಇದೊಂದು ಗುರುತು. ಆದರೆ ಕೊಹಿನೂರಿಗಾಗಿ ಎದ್ದಿರುವ ಕೂಗಿನ ನಡುವೆ 1911ರ ಕಿರೀಟದ ವಿಚಾರವು ಹೆಚ್ಚಾಗಿ ಕೇಳಿಬರುವುದಿಲ್ಲ. ಕೊಹಿನೂರಿನ ಕಥೆಯಲ್ಲಿ ಯುದ್ಧವಿದೆ, ಒಪ್ಪಂದವಿದೆ, ಬಾಲಕನಾದ ಅರಸನಿದ್ದಾನೆ. ಅದು ಜನಮನವನ್ನು ಹಿಡಿಯುತ್ತದೆ. ಸಾಮ್ರಾಜ್ಯ ಕಿರೀಟದ ಕಥೆಯಲ್ಲಿ ಇರುವುದು ಒಂದು ಲೆಕ್ಕದ ಸಾಲು ಮಾತ್ರ. ವಿಕ್ಸನ ಖಾತೆಯ ನ್ಯಾಯವು ಸರಳವಾದುದು: ಹಣ ತೆತ್ತವನು ಪಾತ್ರೆಯನ್ನು ಮನೆಗೆ ಒಯ್ಯುತ್ತಿದ್ದನು. ದಿಲ್ಲಿಯ ಕಿರೀಟದ ವಿಷಯದಲ್ಲಿ ಹಣ ತೆತ್ತವರು ಅದನ್ನು ಒಂದು ಹಗಲು ದೂರದಿಂದ ನೋಡಿದರು. ಒಂಬತ್ತು ಲಕ್ಷ ರೂಪಾಯಿಗಳ ಆ ಸಾಲನ್ನು ಯಾವ ಕಲೆಯ ಇತಿಹಾಸವೂ ಬಿಟ್ಟು ಬರೆಯತಕ್ಕುದಲ್ಲ.