ಹಾರೂಗೇರಿಯ ಪಂಪ್‌ಸೆಟ್ಟು, ಚಂದ್ರಾಪುರದ ಹುಲಿ

ರಾತ್ರಿ ತ್ರೀ ಫೇಸ್ ಕರೆಂಟ್ ಬಂತೆಂದರೆ ಹಾರೂಗೇರಿ ಸುತ್ತಲಿನ ತೋಟಗಳಲ್ಲಿ ನಾವೆಲ್ಲ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಬಿಡಲು ಹೊರಡುತ್ತೇವೆ. ಆ ಕರೆಂಟಿನ ಬೆನ್ನು ಹತ್ತಿ ಹೋದರೆ ಒಂದು ದಾರಿ ಹುಲಿಗಳ ಜಿಲ್ಲೆಗೆ ಮುಟ್ಟುತ್ತದೆ.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೆ ಕಲ್ಲಿದ್ದಲು ಸುಡುವ ದೊಡ್ಡ ಸ್ಥಾವರಗಳಿವೆ. ನಮ್ಮ ಕುಡಚಿ ಸೇತುವೆ ಕೆಳಗೆ ಹರಿಯುವ ಕೃಷ್ಣೆಯೇ ಮುಂದೆ ರಾಯಚೂರಿನ ಶಕ್ತಿನಗರ ಸ್ಥಾವರಕ್ಕೂ ನೀರು ಕೊಡುತ್ತಾಳೆ. ಇನ್ನೊಂದು ಸ್ಥಾವರ ಬಳ್ಳಾರಿ ಹತ್ತಿರದ ಕುಡತಿನಿಯಲ್ಲಿದೆ. ಅದಕ್ಕಾಗಿ 2003ರಲ್ಲಿ ಕರ್ನಾಟಕ ವಿದ್ಯುತ್ ನಿಗಮಕ್ಕೆ ಬರಾಂಜ್ ಕಲ್ಲಿದ್ದಲು ಗಣಿಗಳು ಸಿಕ್ಕವು. ಅವು ಇರುವುದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿ. ಇದು ನಮ್ಮ ಶಿವಮೊಗ್ಗ ಜಿಲ್ಲೆಯ ಭದ್ರಾವತಿ ಅಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ದೇಶದ 214 ಗಣಿ ಹಂಚಿಕೆಗಳನ್ನು ರದ್ದು ಮಾಡಿದಾಗ ಇವೂ ಹೋದವು. ಮುಂದೆ ಮತ್ತೆ ನಿಗಮಕ್ಕೇ ಬಂದವು.

ಅದೇ ಚಂದ್ರಾಪುರ ಜಿಲ್ಲೆಯಲ್ಲಿ ತಾಡೋಬಾ ಹುಲಿ ಕಾಡಿದೆ. 1955ರಲ್ಲೇ ರಾಷ್ಟ್ರೀಯ ಉದ್ಯಾನವಾದ ಕಾಡು ಅದು. ಹುಲಿ ಬೇಲಿಯೊಳಗೆ ಕೂರುವ ಪ್ರಾಣಿಯಲ್ಲ. ಮರಿ ಬೆಳೆದ ಮೇಲೆ ತನ್ನದೇ ಜಾಗ ಹುಡುಕಿಕೊಂಡು ಒಂದು ಕಾಡಿನಿಂದ ಇನ್ನೊಂದಕ್ಕೆ ನಡೆಯುತ್ತದೆ. ತೆರೆದ ಗಣಿ ಆ ದಾರಿಯನ್ನೇ ಕಡಿಯುತ್ತದೆ. ಸ್ಫೋಟದ ಸದ್ದು, ಧೂಳು, ರಾತ್ರಿಯಿಡೀ ಉರಿಯುವ ದೀಪ, ಲಾರಿಗಳ ಸಾಲು. ಗಣಿಯಿಂದ ತೆಗೆದು ಸುರಿದ ಮಣ್ಣಿನ ಗುಡ್ಡೆಗಳ ಮೇಲೆ ಬಳ್ಳಾರಿ ಜಾಲಿ ಬೆಳೆದರೆ ಅಲ್ಲಿ ಹಂದಿ ಸೇರುತ್ತವೆ. ಹಂದಿಯ ಹಿಂದೆ ಚಿರತೆ, ಹುಲಿ ಬರುತ್ತವೆ. ಪಕ್ಕದಲ್ಲೇ ಕಾರ್ಮಿಕರ ಕಾಲನಿ. ಆಗ ಸಾಯುವುದು ಹುಲಿ ಮಾತ್ರವಲ್ಲ, ಮನುಷ್ಯರೂ ಹೌದು.

ಇದನ್ನು ಅಳೆಯುವುದು ಯಾವಾಗ? ನಮ್ಮ ರಾಜ್ಯದ ಕುದುರೆಮುಖ ಒಂದು ಪಾಠ. ಅಲ್ಲಿಯದು ಕಬ್ಬಿಣದ ಅದಿರು. ಗುತ್ತಿಗೆ ಶುರುವಾದದ್ದು 1969ರಲ್ಲಿ. ಅಗೆಯುವ ಮೊದಲು ಪರಿಣಾಮ ಅಳೆಯಬೇಕೆಂಬ ಕಡ್ಡಾಯ ನಿಯಮ ದೇಶಕ್ಕೆ ಬಂದದ್ದು 1994ರಲ್ಲಿ. ನಡುವೆ 25 ವರ್ಷ. ಅಷ್ಟರಲ್ಲಿ ಸಿಂಗಳೀಕಗಳ ಶೋಲಾ ಕಾಡಿನ ನಡುವೆ ಗುಡ್ಡಗಳು ಕರಗಿದ್ದವು, ಭದ್ರಾ ನದಿಗೆ ಹೂಳು ಸೇರುತ್ತಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಕಾಡು ಉಳಿಯಿತು, ಹೋದ ಗುಡ್ಡ ಮರಳಲಿಲ್ಲ. ಗಣಿಯನ್ನೇ ನಂಬಿದ್ದ ಊರೂ ಬರಿದಾಯಿತು.

ತಾಡೋಬಾ ಹತ್ತಿರದ ಲೋಹಾರಾ ಇನ್ನೊಂದು ಪಾಠ. ಅಲ್ಲಿ ಕಲ್ಲಿದ್ದಲು ಗಣಿ ಮಾಡುವ ಪ್ರಸ್ತಾವ ಬಂದಾಗ ಸ್ಥಳೀಯರು ಅಗೆತಕ್ಕೆ ಮೊದಲೇ ಎದ್ದು ನಿಂತರು. 2009ರಲ್ಲಿ ಆ ಯೋಜನೆ ಬಿದ್ದುಹೋಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮಾತು ಸ್ಪಷ್ಟ: ಮೊದಲು ಅಳೆದರೆ ಅದು ತಡೆ, ಆಮೇಲೆ ಅಳೆದರೆ ಬರೀ ನಷ್ಟದ ಲೆಕ್ಕ. ಎಲ್ಲ ಗಣಿಯನ್ನೂ ನಿಲ್ಲಿಸಲಾಗದು, ನಮಗೂ ಕರೆಂಟ್ ಬೇಕು. ಆದರೆ ಎಲ್ಲ ಋತುಗಳಲ್ಲೂ ಕ್ಯಾಮೆರಾ ಇಟ್ಟು, ಹೆಜ್ಜೆ ಗುರುತು ನೋಡಿ ಪ್ರಾಣಿಗಳ ದಾರಿ ಗುರುತಿಸಬಹುದು. ಆ ದಾರಿಯನ್ನು ಅಗೆಯದೆ ಬಿಡಬಹುದು. ರಾತ್ರಿ ಲಾರಿ ನಿಲ್ಲಿಸಬಹುದು. ಮೇಲ್ಮಣ್ಣನ್ನು ಬೇರೆ ತೆಗೆದಿಟ್ಟು, ಗುಂಡಿ ತುಂಬಿದ ಮೇಲೆ ಹರಡಿ, ಅಲ್ಲಿನದೇ ಗಿಡ ಹಚ್ಚಬಹುದು.

ನಮ್ಮೂರಲ್ಲಿ ಗಣಿ ಇಲ್ಲವಲ್ಲ ಎನ್ನಬೇಡಿ. ದೊಡ್ಡ ಸಕ್ಕರೆ ಕಾರ್ಖಾನೆಗೂ ಇದೇ ಪರಿಸರ ನಿಯಮ. 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಅಂಥ ಸಭೆಯೊಂದಕ್ಕೆ ನಾವು ವರದಿಗೆ ಹೋಗಿದ್ದೆವು. ನೌಕರಿ ಕೇಳಿದರು, ಕಬ್ಬಿನ ದರ ಕೇಳಿದರು. ಅವು ಕೇಳಬೇಕಾದವೇ. ಹಳ್ಳದ ನೀರಿನ ಬಗ್ಗೆ, ನರಿ ನವಿಲುಗಳ ಬಗ್ಗೆ ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ, ಬರೆಯಲೂ ಇಲ್ಲ. ಮುಂದಿನ ಸಭೆಗೆ ಹೋಗುವಾಗ ಆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗುತ್ತೇವೆ. ನೀವೂ ಬನ್ನಿ.